ದಂಡ ಕಟ್ಟಿದ ಉಡುಗೊರೆ

ಖಲೀಫಾ ಸಿಟಿ, ಅಬುಧಾಬಿ
೭ ಫೆಬ್ರವರಿ ೨೦೨೫

ನನ್ನ ಬಾಯೆ ಪರ್ಲ್,

ಫೋನಿನಲ್ಲಿ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ಮಮ್ಮಿ ಐಸಿಯು ಡ್ಯೂಟಿಯಲ್ಲಿ ಹುಲಿ, ಮಗಳೆದುರು ಮಾತ್ರ ಬೆಕ್ಕಿನ ಮರಿ. ನಮ್ಮ ವಾರ್ಡಿನ ಶರ್ವಿನ್ ನಾಳೆ ದುಬೈಗೆ ಹೋಗುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಬರುವ ವಾರದ ನನ್ನ ಹುಟ್ಟುಹಬ್ಬಕ್ಕೆ "ಈ ಸಲ ಎರಡರಷ್ಟು ದುಡ್ಡು ಕಳಿಸುತ್ತೇನೆ, ಅಮೆರಿಕದ ರಿಟೈರ್ಮೆಂಟ್ ಖಾತೆಗೆ ಹಾಕಿ ರಸೀದಿ ತೋರಿಸು" ಎಂದಿದ್ದೀಯಲ್ಲ. ಬೇಡ ಬಾಯೆ. ಆ ಖಾತೆಗೆ ನಾನು ದುಡ್ಡು ಹಾಕುವ ಹಾಗೇ ಇಲ್ಲ. ನಾಲ್ಕು ವರ್ಷ ಹಾಕಿದ್ದೂ ತಪ್ಪೇ.

ಬರ್ ದುಬೈಯ ಬೆನೆಡಿಕ್ಟ್ ಗೊತ್ತಲ್ಲ, ನನ್ನಂಥ ಅಮೆರಿಕನ್ ಪಾಸ್‌ಪೋರ್ಟಿನವರ ಟ್ಯಾಕ್ಸ್ ಫಾರಂ ತುಂಬಿಸಿಕೊಡುವವರು. ಇಲ್ಲಿ ಕೆಲಸ ಮಾಡಿದರೂ ನಾವು ವರ್ಷ ವರ್ಷ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು. ಹೊರದೇಶದ ದುಡಿಮೆ ಎಂದು ನನ್ನ ಸಂಬಳಕ್ಕೆಲ್ಲ ವಿನಾಯಿತಿ ಸಿಕ್ಕಿತ್ತು, ಒಂದು ಡಾಲರ್ ತೆರಿಗೆ ಇಲ್ಲ. ನಾನು ಹಿಗ್ಗಿದ್ದೇ ಹಿಗ್ಗಿದ್ದು. ಅವರು ಕನ್ನಡಕ ತೆಗೆದು ಹೇಳಿದರು: "ಸಂಬಳಕ್ಕೆಲ್ಲ ವಿನಾಯಿತಿ ತೆಗೆದುಕೊಂಡ ಮೇಲೆ ಅಮೆರಿಕದವರ ಲೆಕ್ಕಕ್ಕೆ ನಿಮ್ಮ ದುಡಿಮೆ ಸೊನ್ನೆ, ಕಾರ್ಮಿನ್ ಬಾಯಿ. ದುಡಿಮೆ ಇಲ್ಲದವರು ಆ ಖಾತೆಗೆ ಹಾಕುವ ಹಾಗಿಲ್ಲ." ಹಾಕಿದ್ದನ್ನು ತೆಗೆಯುವವರೆಗೆ ಪ್ರತಿ ವರ್ಷ ನೂರಕ್ಕೆ ಆರು ದಂಡವಂತೆ. ಹನ್ನೆರಡು ಗಂಟೆ ಡ್ಯೂಟಿ ಮಾಡುವವಳ ದುಡಿಮೆ ಸೊನ್ನೆಯಂತೆ, ಕೇಳಿದೆಯಾ!

ಇದು ಗೊತ್ತಾಗಿದ್ದು ಈಗಲ್ಲ, ಎರಡನೆಯ ವರ್ಷವೇ. ಆಮೇಲೂ ಹಾಕಿದೆ, ನಿನಗೆ ರಸೀದಿ ಕಳಿಸಿದೆ, ದಂಡವನ್ನು ಸದ್ದಿಲ್ಲದೆ ಕಟ್ಟಿದೆ. ನನಗೆ ತಲೆ ಕೆಟ್ಟಿದೆ ಎಂದು ಬೆನೆಡಿಕ್ಟ್ ಅಂದುಕೊಂಡಿರಬೇಕು.

ನಿನಗೆ ಆರು ವರ್ಷವಿದ್ದಾಗ ನಿನ್ನನ್ನು ಊರಲ್ಲಿ, ಶಿರ್ವದಲ್ಲಿ, ನನ್ನ ತಂಗಿ ನಿನ್ನ ಮಾವ್ಶಿಯ ಹತ್ತಿರ ಬಿಟ್ಟು ನರ್ಸ್ ಕೆಲಸಕ್ಕೆ ನ್ಯೂಜೆರ್ಸಿಗೆ ಹೋದೆ. ಹದಿನೈದು ವರ್ಷ ಅಲ್ಲೇ ಉಳಿದೆ. ನೀನು ದುಬೈಯಲ್ಲಿ ಕೆಲಸ ಹಿಡಿದೆ ಎಂದು ಕೇಳಿ, ಹತ್ತಿರವಾದರೂ ಇರೋಣ ಎಂದು ಅಬುಧಾಬಿಗೆ ಬಂದರೆ ಒಂದೂವರೆ ವರ್ಷ ನೀನು ನನ್ನ ಫೋನ್ ಎತ್ತಲಿಲ್ಲ. ಆಮೇಲೊಂದು ದಿನ, ನನ್ನ ಹುಟ್ಟುಹಬ್ಬಕ್ಕೆ, ದುಡ್ಡು ಬಂತು. ಜೊತೆಗೆ ಒಂದೇ ಸಾಲು: "ಮಮ್ಮಿಯ ವಿಶ್ರಾಂತಿಗೆ." ಲಾಕರ್ ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಅದನ್ನು ಬೇಡ ಎಂದರೆ ನೀನು ಮತ್ತೆ ಮಾತು ಬಿಡುತ್ತೀಯೇನೋ ಎಂಬ ಹೆದರಿಕೆ. ಈ ಕಾಗದ ಬರೆಯುವಾಗಲೂ ಅದೇ ಹೆದರಿಕೆ.

ಆ ದುಡ್ಡು ಹಿಂದೆ ತೆಗೆಯುವ ಫಾರಂಗೆ ಇವತ್ತು ಸಹಿ ಹಾಕಿದ್ದೇನೆ. ಎಲ್ಲವೂ ನಿನಗೇ ಬರುತ್ತದೆ. ಸಿಟ್ಟು ಬಂದರೆ ಬೈ, ಎಷ್ಟು ಬೇಕಾದರೂ ಬೈ, ಆದರೆ ಫೋನ್ ಮಾಡಿ ಬೈ.

ನಿನ್ನ ಫೋನಿಗೆ ಕಾಯುವ
ಮಮ್ಮಿ ಕಾರ್ಮಿನ್

ಮತ್ತೊಂದು: ಮಾರ್ಚ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಇದನ್ನೂ ನಿನಗೆ ಹೇಳಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮುಂದೆ ವಾಸಿಸುವ ವಿಳಾಸ ಎಂದು ಒಂದು ಗೆರೆ ಇತ್ತು. ನಿನ್ನನ್ನು ಕೇಳದೆ ನಿನ್ನ ಕರಾಮದ ಫ್ಲ್ಯಾಟ್ ನಂಬರ್ ಬರೆದುಬಿಟ್ಟೆ. ಬೇಡವಾದರೆ ಹೇಳು, ಸೋಮವಾರದವರೆಗೆ ಬದಲಿಸಬಹುದಂತೆ.