ಕೆಳಬಟ್ಟೆಯ ಒಳಗಿನ ಹೆಸರು

ಮಾರ್ಚ್ 4, ಬೆಳಿಗ್ಗೆ 6

ನಾನು ಕೋಗಾ ಶಿಗೆನೊ. ವಯಸ್ಸು ಎಪ್ಪತ್ಮೂರು. ಚಿಕುಗೊ ನದಿ ದಂಡೆಯ ಓಕಾವಾ ಊರಿನ ಕೋಗಾ ಕುರ್ಚಿ ಅಂಗಡಿಯ ಯಜಮಾನಿ. ಹೊಸ ದಿನಚರಿ ಪುಸ್ತಕ ತೆಗೆದಾಗಲೆಲ್ಲ ಮೊದಲು ಇದನ್ನೇ ಬರೆಯುವುದು. ಯಾರೂ ಓದುವುದಿಲ್ಲ, ಆದರೂ ಬರೆದಿಡಬೇಕು.

ಹೈಸ್ಕೂಲು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ಬಾಯ್ತುಂಬ ಮೊಳೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒಂದೊಂದೇ ಮೊಳೆ ನಾಲಗೆಯ ತುದಿಗೆ ಬರುತ್ತಿತ್ತು, ಅಲ್ಲಿಂದ ಸುತ್ತಿಗೆಗೆ. ಗಾಳಿಯ ಸ್ಟೇಪಲ್ ಗನ್ನು ಬಂದ ವರ್ಷ ಬೀದಿಯ ಗಂಡಸರೆಲ್ಲ ನಕ್ಕರು — ಇದು ಕೆಲಸವಲ್ಲ, ಪಟಾಕಿ ಎಂದರು. ಹಿಡಿದವಳು ನಾನು. ಅಂದಿನಿಂದ ಕಿಟಕಿ ಪಕ್ಕದ ಮುಂದಿನ ಮೇಜು ನನ್ನದು.

ಕಂಪ್ರೆಸರ್ ಹಾಕಿದೆ. ಗಾಳಿ ತುಂಬುವಷ್ಟರಲ್ಲಿ ಚಹಾ. ಒತ್ತಡ ತೋರಿಸುವ ಮುಳ್ಳು ಕೆಟ್ಟು ಹತ್ತು ವರ್ಷವಾಯಿತು. ನನಗೆ ಬೇಕಿಲ್ಲ. ಪಿನ್ನು ಮರದಲ್ಲಿ ಸರಿಯಾಗಿ ಕೂತರೆ ‘ಟಪ್’. ಮೇಲೆ ನಿಂತರೆ ‘ಟ್ಯಾಕ್’. ಗಾಳಿ ಹೆಚ್ಚಾಗಿ ಬಟ್ಟೆ ಸೀಳಿದರೆ ‘ಛಪ್’. ಹೊಡೆದ ಸಾಲಿನ ಮೇಲೆ ಹೆಬ್ಬೆರಳು ಸವರಿ ನೋಡುವುದು ಕಲಿಯುವವರ ಚಾಳಿ. ನಾನು ಸವರಿ ನಲವತ್ತು ವರ್ಷವಾಯಿತು.

ಸೊಸೆ ಕಂಪ್ರೆಸರಿನ ಫ್ಯಾನ್ ಜಾಲರಿಗೆ ಕೆಂಪು ರಿಬ್ಬನ್ನು ಕಟ್ಟಿದ್ದಾಳೆ. ಯಂತ್ರ ಓಡುವಾಗ ಹಾರಾಡುತ್ತದೆ.

“ಏನಿದು ಚಿಹೊ, ಯಂತ್ರಕ್ಕೂ ಜಡೆ ಹಾಕೋಕೆ ಶುರು ಮಾಡಿದ್ಯಾ?”

“ಚೆಂದ ಕಾಣ್ಲಿ ಅಂತ ಅತ್ತೆ.”

ನಲವತ್ತು ದಾಟಿದವಳು. ಬುದ್ಧಿ ಇನ್ನೂ ರಿಬ್ಬನ್ನಿನದು.

ಮಾರ್ಚ್ 9

ಊಟದ ಹೊತ್ತಿಗೆ ಚಿಹೊ ಮೇಜನ್ನು ಎರಡು ಸಲ ತಟ್ಟಿದಳು. ಮಾತಿಗೆ ಮುಂಚೆ ಹೀಗೆ ತಟ್ಟುವುದು ಒಂದು ಅಭ್ಯಾಸ ಮಾಡಿಕೊಂಡಿದ್ದಾಳೆ. ಹೋಟೆಲಿನಲ್ಲಿ ಮಾಣಿಯನ್ನು ಕರೆದ ಹಾಗೆ. ಅವಳ ತವರು ಅಮಾಕುಸಾ ದ್ವೀಪದಲ್ಲಿ ಇದೇ ಮರ್ಯಾದೆಯೋ ಏನೋ.

“ಅತ್ತೆ, ಈ ವಸಂತದಿಂದ ಮುಂದಿನ ಮೇಜು ನನಗೆ ಕೊಡ್ತೀರಾ?”

ಹದಿನಾಲ್ಕು ವರ್ಷದಿಂದ ಹಿಂದಿನ ಮೇಜು ಅವಳದು. ಸ್ಪಂಜು ಕೂರಿಸುವುದು, ಕೊನೆಗೆ ಕುರ್ಚಿ ಬೋರಲು ಹಾಕಿ ಅಡಿಗೆ ಕರಿಯ ಕೆಳಬಟ್ಟೆ ಮುಚ್ಚುವುದು. ಮೇಲುಬಟ್ಟೆ ಎಳೆದು ಹೊಡೆಯುವುದು ಮುಂದಿನ ಮೇಜಿನವರು. ಕೆಳಬಟ್ಟೆ ಮುಚ್ಚುವ ಮೊದಲು ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆಯುವವರೂ ಅವರೇ. ಮಾವನ ಕಾಲದ ನಿಯಮ.

“ಕೈ ಇದೆ ನಿನಗೆ,” ಎಂದೆ. “ಕಿವಿ ಇಲ್ಲ.”

ಮಗ ನೊರಿಹಿಸಾ ಸೂಪಿನ ಬಟ್ಟಲು ಕೆಳಗಿಟ್ಟು ಏನೋ ಹೇಳಹೊರಟ. ಅವಳು ಅವನ ತೋಳು ಹಿಡಿದಳು. ತಲೆ ತಗ್ಗಿಸಿ ಊಟ ಮುಂದುವರಿಸಿದಳು.

ಈ ಕಾಲದವರು ಎಲ್ಲ ಬಾಯೊಳಗೇ ಮಾತಾಡುತ್ತಾರೆ.

ಮಾರ್ಚ್ 15, ನಸುಕು

ಕನಸು. ಉಬ್ಬರ ಬಂದಿದೆ, ಚಿಕುಗೊ ನದಿ ಎಂದಿನಂತೆ ಹಿಂದಕ್ಕೆ ಹರಿಯುತ್ತಿದೆ. ಅದರ ಮೇಲೆ ನಾನು ಮಾಡಿದ ಕುರ್ಚಿಗಳೆಲ್ಲ ಬೋರಲಾಗಿ ತೇಲಿ ಬರುತ್ತಿವೆ. ನಾಲ್ಕು ಕಾಲು ಮೇಲೆತ್ತಿ, ಬಿಸಿಲು ಕಾಯಿಸುವ ನಾಯಿಗಳ ಹಾಗೆ ನೆಮ್ಮದಿಯಾಗಿ. ಸೇತುವೆ ತಾನಾಗಿಯೇ ಎದ್ದು ಅವುಗಳಿಗೆ ದಾರಿ ಬಿಟ್ಟಿತು. ದಡದಲ್ಲಿ ಯಾರೋ ಗನ್ನು ಹೊಡೆಯುತ್ತಿದ್ದಾರೆ — ಟಪ್, ಟಪ್, ಟಪ್. ಎಷ್ಟು ಸ್ಪಷ್ಟ. ಮಳೆ ನಿಂತ ಮೇಲೆ ಸೂರಿನ ಹನಿ ಕೇಳಿದ ಹಾಗೆ.

ಎದ್ದ ಮೇಲೆ ಮನೆಯೇ ಹತ್ತಿಯೊಳಗೆ ಇಟ್ಟಂತೆ ಇತ್ತು.

ಮಾರ್ಚ್ 22

ಸಂಜೆ ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಬರುತ್ತಿದ್ದ ಹಾಡನ್ನು ಯಾವಾಗ ನಿಲ್ಲಿಸಿದರು ಎಂದು ಕೇಳಿದೆ. ಖರ್ಚು ಉಳಿಸಲಿಕ್ಕೆ ಇರಬೇಕು. ಮಗ ಹೆಂಡತಿಯ ಮುಖ ನೋಡಿದ. ಹೆಂಡತಿ ಸ್ಪಂಜು ನೋಡಿದಳು.

ಹಾಡಿಲ್ಲದಿದ್ದರೂ ಐದಾದದ್ದು ತಿಳಿಯುತ್ತದೆ. ಬೆಳಕು ಮೇಜಿನ ಎಡ ಕಾಲಿಗೆ ಬಂದು ಒರಗುತ್ತದೆ.

ಏಪ್ರಿಲ್ 2

ಅವಮಾನ. ಐವತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ.

ಕಾಫಿ ಅಂಗಡಿಯ ಉಶಿಜಿಮಾ ವ್ಯಾನಿನಲ್ಲಿ ನಾಲ್ಕು ಕುರ್ಚಿ ತಂದಿಳಿಸಿದ. ಹೋದ ಬೇಸಿಗೆಯ ಜುಲೈ–ಆಗಸ್ಟಿನಲ್ಲಿ ಹದಿನಾಲ್ಕಕ್ಕೆ ಹಸಿರು ಮಖಮಲ್ಲು ಹಾಕಿಕೊಟ್ಟಿದ್ದೆವು. ಈ ನಾಲ್ಕರ ಬಟ್ಟೆ ಅಂಚಿನಿಂದ ಬಿಟ್ಟುಕೊಂಡು, ಪಿನ್ನು ಹಲ್ಲು ಕಿರಿಯುತ್ತಿದೆ.

“ಬೈಬೇಡಿ ಯಜಮಾನ್ತಿ,” ಎಂದ, ನನ್ನ ಮುಖಕ್ಕೆ ಮುಖ ಕೊಟ್ಟು, ಜೋರಾಗಿ. “ನಿಮ್ಮ ಕುರ್ಚಿ ನಮ್ಮ ಅಂಚೆ ಮಾಸ್ತರ ಪ್ಯಾಂಟು ಕಚ್ಕೊಂಡು ಬಿಡ್ಲಿಲ್ಲ. ಪಾಪ, ಪೇಪರ್ ಅಡ್ಡ ಹಿಡ್ಕೊಂಡು ಮನೆಗೆ ಹೋದ್ರು.”

ನಾನು ನಗಲಿಲ್ಲ. ಚಿಹೊಳನ್ನು ಕರೆದೆ. ಅವನ ಎದುರಿಗೇ ಹೇಳಿದೆ:

“ನೋಡು ನಿನ್ನ ಕೆಲಸ. ಸ್ಪಂಜು ತಿಂದು ತೇಗೋ ಹಾಗೆ ತುರುಕಿದ್ದೀಯ. ಬಟ್ಟೆ ಎಷ್ಟು ಅಂತ ತಡ್ಕೊಳ್ಳತ್ತೆ? ಇವಳಿಗೆ ಮುಂದಿನ ಮೇಜು ಬೇಕಂತೆ ಉಶಿಜಿಮಾ ಅವ್ರೇ!”

ಉಶಿಜಿಮಾ ಬಾಯಿ ತೆರೆದ. ಚಿಹೊ ಅವನಿಗಿಂತ ಮೊದಲು ಬಗ್ಗಿ ನಮಸ್ಕರಿಸಿಬಿಟ್ಟಳು.

“ತಪ್ಪಾಯ್ತು ಅತ್ತೆ.”

ಸಂಜೆ ಮಗ ಬಂದು ಎದುರಿಗೆ ಮಂಡಿಯೂರಿ ಕೂತ. ಅವನು ಹಾಗೆ ಕೂತರೆ ಸುದ್ದಿ ಒಳ್ಳೆಯದಿರುವುದಿಲ್ಲ.

“ಅಮ್ಮ, ನದಿಯಾಚೆ ಹಾಸಿಗೆ ಕಾರ್ಖಾನೆಯವರು ಚಿಹೊನ ಕರೀತಿದಾರೆ. ಇಷ್ಟು ದಿನ ಬೇಡ ಅಂತಿದ್ಲು. ಇವತ್ತು, ನೋಡೋಣ ಅಂದ್ಲು. ತಿಂಗಳ ಕೊನೆಗೆ ಉತ್ತರ ಕೊಡ್ಬೇಕಂತೆ.”

“ಹೋಗ್ಲಿ,” ಎಂದೆ.

ಅವನು ಹೋದ ಮೇಲೆ ಹಿಂದಿನ ಮೇಜಿನ ಕಡೆ ಕಣ್ಣು ಹೋಯಿತು. ಸುತ್ತಿಗೆ, ಇಕ್ಕಳ, ಕತ್ತರಿ — ಎಲ್ಲ ಎತ್ತರದ ಪ್ರಕಾರ ನಿಲ್ಲಿಸಿದ್ದಾಳೆ. ಆ ಮೇಜು ಖಾಲಿಯಾದರೆ ಅಲ್ಲಿ ಏನಿಡುವುದು? ಯೋಚನೆ ಬಂತು, ಬಿಟ್ಟೆ.

ಏಪ್ರಿಲ್ 3

ನಾಲ್ಕನ್ನೂ ನಾನೇ ಬಿಚ್ಚಿದೆ. ಅವಳ ತಪ್ಪನ್ನು ಅವಳ ಕಣ್ಣಿಗೆ ಹಿಡಿಯಬೇಕಿತ್ತು.

ಸ್ಪಂಜು ಅಳತೆ ಹಾಕಿದೆ. ಸರಿಯಾಗಿದೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಕೆಳಬಟ್ಟೆ ತೆಗೆದೆ. ಮರದ ಮೇಲೆ ನನ್ನ ಅಕ್ಷರ. ಶಿಗೆನೊ, ಆಗಸ್ಟ್ 8. ಶಿಗೆನೊ, ಆಗಸ್ಟ್ 9. ನಾಲ್ಕರಲ್ಲೂ.

ಆಗಸ್ಟಿನ ಆ ವಾರ ನೆನಪಿದೆ. ಚಿಹೊ ತೀರಿಕೊಂಡ ತಂದೆಯ ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ತವರಿನ ದ್ವೀಪಕ್ಕೆ ಹೋಗಿದ್ದಳು. ಸ್ಪಂಜು ಕೂರಿಸಿಟ್ಟು ಹೋಗಿದ್ದಳು. ಮೇಲುಬಟ್ಟೆ ನಾನು ಹೊಡೆದೆ. ಕೆಳಬಟ್ಟೆಯನ್ನೂ ನಾನೇ ಮುಚ್ಚಿದೆ.

ಬಟ್ಟೆ ಬಿಡದೆ ಉಳಿದ ಕಡೆ ಪಿನ್ನಿನ ಸಾಲು ದಪ್ಪ ಮಖಮಲ್ಲಿನಲ್ಲಿ ಹೂತ ಹಾಗೇ ಕಾಣುತ್ತದೆ. ಹೆಬ್ಬೆರಳು ಇಟ್ಟೆ. ನಲವತ್ತು ವರ್ಷದ ನಂತರ.

ಒಂದೊಂದೂ ಮೇಲೆ ನಿಂತಿದೆ. ಮರ ಗಟ್ಟಿ, ಗಾಳಿ ಸಾಲದು. ಆ ದಿನವಿಡೀ ಗನ್ನು ‘ಟ್ಯಾಕ್’ ಎಂದಿರಬೇಕು. ನನಗೆ ‘ಟಪ್’ ಎಂದೇ ಕೇಳಿಸಿತ್ತು.

ಏಪ್ರಿಲ್ 4

ಬೆಳಿಗ್ಗೆಯೇ ಉಶಿಜಿಮಾನ ಅಂಗಡಿಗೆ ಹೋದೆ. ಒಬ್ಬಳೇ. ಉಳಿದ ಹತ್ತು ಕುರ್ಚಿ ಏಕೆ ಗಟ್ಟಿಯಾಗಿವೆ ಎಂದು ನೋಡಬೇಕಿತ್ತು. ಒಂದನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದೆ. ಮೊಟ್ಟೆ ಟೋಸ್ಟು ತಿನ್ನುತ್ತಿದ್ದ ಇಬ್ಬರು ಎದ್ದು ನಿಂತರು.

“ಯಜಮಾನ್ತಿ, ಕುರ್ಚಿಗೆ ಹೊಟ್ಟೆನೋವಾ?” ಎಂದ ಉಶಿಜಿಮಾ.

“ಇಕ್ಕಳ ಕೊಡಿ.”

ಕೆಳಬಟ್ಟೆಯ ಒಂದು ಮೂಲೆ ಎತ್ತಿದೆ. ಶಿಗೆನೊ, ಜುಲೈ 30. ಪಿನ್ನುಗಳು ಆಳಕ್ಕೆ ಕೂತಿವೆ. ಪ್ರತಿಯೊಂದರ ಪಕ್ಕ ಒಂದು ಸಣ್ಣ ಗುರುತು. ಅರ್ಧಚಂದ್ರ. ಉಗುರು ಒತ್ತಿದ ಹಾಗೆ. ಸುತ್ತಿಗೆಯ ಅಂಚು.

ಇನ್ನೊಂದು ಕುರ್ಚಿ. ಅರ್ಧಚಂದ್ರ. ಮತ್ತೊಂದು. ಸಾಲು ಸಾಲು.

ಗನ್ನಿಗೆ ಸುತ್ತಿಗೆ ಬೇಕಿಲ್ಲ. ಕೆಳಬಟ್ಟೆ ಮುಚ್ಚುವ ಮೊದಲು ಯಾರೋ ನನ್ನ ಒಂದೊಂದೇ ಪಿನ್ನನ್ನು ಹೆಬ್ಬೆರಳಿನಿಂದ ಹುಡುಕಿ, ಮೆಲ್ಲಗೆ ತಟ್ಟಿ ಕೂರಿಸಿದ್ದಾರೆ. ಕೆಳಬಟ್ಟೆ ಮುಚ್ಚುವವಳು ಒಬ್ಬಳೇ.

ಉಶಿಜಿಮಾ ಕಾಫಿ ತಂದಿಟ್ಟ. ಆವಿಯನ್ನು ನೋಡುತ್ತ ಕೂತೆ. ಎದುರಿಗೆ ಜನ ಬಾಯಿ ಆಡಿಸುತ್ತಿದ್ದರು, ಬಾಗಿಲ ಗಂಟೆ ಅಲ್ಲಾಡುತ್ತಿತ್ತು. ನೀರೊಳಗೆ ಕೂತು ಮೇಲಿನ ಊರನ್ನು ನೋಡಿದ ಹಾಗೆ. ಹೆದರಿಕೆಯಾಗಲಿಲ್ಲ. ಚೆಂದವೇ ಇತ್ತು. ಅದೇ ನಾಚಿಕೆ.

ಏಪ್ರಿಲ್ 5

ನಮ್ಮ ಮನೆಯ ಕುರ್ಚಿಗಳನ್ನೂ ಬಿಚ್ಚಿದೆ. ಆರು ವರ್ಷದ ಹಿಂದಿನದು — ಗುರುತಿಲ್ಲ. ಮೂರು ವರ್ಷದ ಹಿಂದಿನದು — ಅರ್ಧಚಂದ್ರಗಳು.

ಮೂರು ವರ್ಷ.

ಎಲ್ಲದರಲ್ಲೂ ನನ್ನ ಹೆಸರು.

ಏಪ್ರಿಲ್ 17

ಇಷ್ಟು ದಿನ ಬರೆಯಲಿಲ್ಲ. ಗನ್ನನ್ನೂ ಮುಟ್ಟಲಿಲ್ಲ. ಬೆನ್ನು ನೋವು ಎಂದೆ. ನಂಬಿದಂತೆ ಮಾಡಿದರು. ನಮ್ಮ ಮನೆಯಲ್ಲಿ ಎಲ್ಲರೂ ಒಳ್ಳೆಯ ನಟರು ಎಂದು ಈಗ ಗೊತ್ತಾಗಿದೆ.

ಇವತ್ತು ನಸುಕಿನಲ್ಲಿ ಕೆಳಗಿಳಿದು ಕಂಪ್ರೆಸರಿನ ಮುಂದೆ ನಿಂತೆ. ಗುಂಡಿ ಒತ್ತಿ ಕಣ್ಣು ಮುಚ್ಚಿದೆ. ಓಡುತ್ತಿದೆಯೋ ಇಲ್ಲವೋ? ನೆಲ ಸ್ವಲ್ಪ ನಡುಗಿದ ಹಾಗಿತ್ತು. ನನ್ನ ಕಾಲೇ ಇರಬಹುದು. ಕೇಳಲು ಪ್ರಯತ್ನಪಟ್ಟೆ. ದೂರದಲ್ಲಿ, ಬಹಳ ದೂರದಲ್ಲಿ ‘ಟಪ್, ಟಪ್’. ಗನ್ನು ಗೂಟದಲ್ಲಿ ತೂಗುತ್ತಿತ್ತು. ಯಾರೂ ಹೊಡೆಯುತ್ತಿರಲಿಲ್ಲ. ಇಷ್ಟು ಕಾಲ ನಾನು ಕೇಳುತ್ತಿದ್ದುದು ಇದನ್ನೇ. ಕೈಯ ನೆನಪನ್ನು.

ಕಣ್ಣು ತೆರೆದೆ. ಕೆಂಪು ರಿಬ್ಬನ್ನು ಹಾರಾಡುತ್ತಿತ್ತು.

ಚೆಂದ ಕಾಣ್ಲಿ ಅಂತ ಅತ್ತೆ.

ಮಾತಿಗೆ ಮುಂಚೆ ಮೇಜು ತಟ್ಟುತ್ತಿದ್ದುದೂ ನಾನು ಅವಳ ತುಟಿ ನೋಡಲಿ ಎಂದೇ. ಕಿವಿ ಇಲ್ಲ ಎಂದಿದ್ದೆ ಅವಳಿಗೆ. ಹಿಂದಿನ ಮೇಜಿನಲ್ಲಿ ಕೂತು, ನನ್ನ ಒಂದೊಂದು ‘ಟ್ಯಾಕ್’ ಕೇಳಿ ಎಣಿಸಿಟ್ಟುಕೊಂಡಿದ್ದಾಳೆ. ಎದ್ದು ಬಂದು ಒಮ್ಮೆ ಹೇಳಬಹುದಿತ್ತು. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಏಪ್ರಿಲ್ 26, ಮಧ್ಯಾಹ್ನ

ಆಯಿತು. ಮಾಡಿಯೇ ಬರೆಯುತ್ತಿದ್ದೇನೆ. ಮೊದಲೇ ಬರೆದರೆ ಮಾಡದೆ ಉಳಿಯಬಹುದೆಂಬ ಅಂಜಿಕೆ ಇತ್ತು.

ಬೆಳಿಗ್ಗೆ ನನ್ನ ಸ್ಟೂಲನ್ನು ನಾನೇ ಹೊತ್ತು ಹಿಂದಿನ ಮೇಜಿಗೆ ಹಾಕಿದೆ. ಗನ್ನನ್ನು ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಮುಂದಿನ ಮೇಜಿನ ಮೇಲೆ ಹಿಡಿ ಅವಳ ಕಡೆ ಬರುವ ಹಾಗೆ ಇಟ್ಟೆ. ಉಶಿಜಿಮಾನನ್ನು ಕರೆಸಿದ್ದೆ. ಬೈದದ್ದು ಅವನ ಎದುರಿಗೆ. ಇದೂ ಅವನ ಎದುರಿಗೇ ಆಗಬೇಕು.

“ನಾಲ್ಕು ಕುರ್ಚಿ ಹಾಳಾಗಿದ್ದು ನನ್ನಿಂದ,” ಎಂದೆ. “ಚಿಹೊಳಿಂದ ಅಲ್ಲ. ನನಗೆ ಕಿವಿ ಕೇಳ್ಸಲ್ಲ.”

ಉಶಿಜಿಮಾ ಕತ್ತು ಕೆರೆದುಕೊಂಡ. “ಅದು ಗೊತ್ತಿತ್ತು ಯಜಮಾನ್ತಿ. ಎರಡು ವರ್ಷದಿಂದ ನಾನು ಏನ್ ಕೇಳಿದ್ರೂ ‘ಹೌದು, ಚಳಿ ಜಾಸ್ತಿ’ ಅಂತೀರಿ. ಆಗಸ್ಟ್ ಸೆಕೆಯಲ್ಲೂ.”

ಮಗ ನಗು ತಡೆಯಲು ಹೋಗಿ ಕೆಮ್ಮಿದ. ನಾನು ಅವನತ್ತ ಒಮ್ಮೆ ನೋಡಿದೆ. ಕೆಮ್ಮು ನಿಂತಿತು. ಅಷ್ಟು ಶಕ್ತಿ ಇನ್ನೂ ಇದೆ.

ಚಿಹೊ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

“ಅತ್ತೆ, ನಾನು... ಕೇಳದೆ ನಿಮ್ಮ ಕೆಲಸಕ್ಕೆ ಕೈ ಹಾಕಿದೆ.”

“ಹೌದು, ಹಾಕಿದ್ದೀಯ. ಸುತ್ತಿಗೆ ಅಂಚು ಮರಕ್ಕೆ ತಾಗಿಸಿದ್ದೀಯ, ಗುರುತು ಬಿದ್ದಿದೆ. ಮುಂದಿನ ಮೇಜಿನವರು ಹಾಗೆ ಮಾಡಬಾರದು.” ಗನ್ನನ್ನು ಇನ್ನಷ್ಟು ಅವಳ ಕಡೆ ಸರಿಸಿದೆ. “ಹಾಸಿಗೆ ಕಾರ್ಖಾನೆಯವರಿಗೆ ಏನು ಹೇಳ್ತೀಯೋ ನಿನಗೆ ಬಿಟ್ಟದ್ದು. ಮೇಜು ಇಲ್ಲಿದೆ.”

ಅವಳು ಬಂದು ಗನ್ನು ಎತ್ತಿದಳು. ಮರದ ತುಂಡಿನ ಮೇಲೆ ಎರಡು ಹೊಡೆದು, ಗಾಳಿ ಸ್ವಲ್ಪ ಏರಿಸಿ, ಮತ್ತೆ ಎರಡು. ತಲೆ ಓರೆ ಮಾಡಿ ಕೇಳುತ್ತಿದ್ದಳು. ಮಾವ ನನ್ನನ್ನು ನೋಡಿ, ನೀನು ಕೇಳುವಾಗ ಕೊಕ್ಕರೆ ಹಾಗೆ ಕಾಣುತ್ತೀಯ ಎನ್ನುತ್ತಿದ್ದರು. ಇವಳೂ ಹಾಗೇ.

ನಾಲ್ಕೂ ಕುರ್ಚಿ ಹೊಡೆದಳು. ಹೆಬ್ಬೆರಳು ಸವರಲು ಹೋದವಳು ನನ್ನ ನೋಡಿ ನಿಲ್ಲಿಸಿದಳು.

“ಸವರು,” ಎಂದೆ. “ಆ ನಿಯಮ ಇವತ್ತಿಗೆ ಮುಗೀತು.”

ಪೆನ್ಸಿಲು ಕೊಟ್ಟೆ. ಹೆಸರು ಬರೆದಳು. ಮೊದಲಕ್ಷರ ಸೊಟ್ಟಗಾಯಿತು. ಅಳಿಸಬೇಡ ಎಂದೆ. ಕೆಳಬಟ್ಟೆ ನಾನು ಮುಚ್ಚಿದೆ.

ಆಮೇಲೆ ಉಶಿಜಿಮಾನ ವ್ಯಾನಿನಲ್ಲಿ ಅವನ ಅಂಗಡಿಗೆ ಹೋಗಿ ಉಳಿದ ಹತ್ತನ್ನೂ ಬೋರಲು ಹಾಕಿ, ಕೆಳಬಟ್ಟೆಯ ಮೂಲೆ ಎತ್ತಿ, ಶಿಗೆನೊ ಎಂಬುದರ ಪಕ್ಕದಲ್ಲಿ ಚಿಹೊ ಎಂದು ಬರೆದು ಬಂದೆ. ಹತ್ತು ಸಲ. ಅಂಚೆ ಮಾಸ್ತರು ನಿಂತುಕೊಂಡೇ ಕಾಫಿ ಕುಡಿದರು.

ಏಪ್ರಿಲ್ 30

ಹಾಸಿಗೆ ಕಾರ್ಖಾನೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟಳಂತೆ. ಮಗ ಹೇಳಿದ. ರಾತ್ರಿಗೆ ಅವಳಿಗೆ ಇಷ್ಟವಾದ ಚಿಪ್ಪುಮೀನಿನ ಸಾರು ಮಾಡಿದೆ. ಉಪ್ಪು ಕಡಿಮೆ ಎಂದಳು. ಎಷ್ಟು ಧೈರ್ಯ.

ಮೇ 6, ಸಂಜೆ

ಉಬ್ಬರದ ಹೊತ್ತು. ಕಿಟಕಿಯಲ್ಲಿ ನದಿ ಹಿಂದಕ್ಕೆ ಹೋಗುತ್ತಿದೆ, ಅವಸರವಿಲ್ಲದೆ. ರಿಬ್ಬನ್ನು ಹಾರುತ್ತಿದೆ. ಮುಂದಿನ ಮೇಜಿನಲ್ಲಿ ಅವಳ ಮೊಣಕೈ ಜಿಗಿಯುತ್ತದೆ, ಜಿಗಿಯುತ್ತದೆ. ಸದ್ದಿಲ್ಲ. ಕನಸಿನಲ್ಲಿ ಸದ್ದು ಇತ್ತು, ಇಲ್ಲಿ ಕೆಲಸ ಇದೆ. ಬೆಳಕು ಮೇಜಿನ ಎಡ ಕಾಲಿಗೆ ಬಂತು. ಐದಾಗಿರಬೇಕು, ಹಾಡು ಬರುತ್ತಿರಬೇಕು, ಚಿಹೊಳ ತುಟಿ ಸ್ವಲ್ಪ ಅಲ್ಲಾಡುತ್ತಿದೆ —

ನನ್ನ ಮೇಜು ನಡುಗಿತು. ಎರಡು ಸಲ.

ಬಂದೆ ಎಂದೆ. ಇವತ್ತಿನ ಆರನೆಯ ಕುರ್ಚಿ, ಕೆಳಬಟ್ಟೆ ಇನ್ನೂ ಮುಚ್ಚಿಲ್ಲ —