ಕೈ ಸರಿಯಿಲ್ಲದವಳ ಸಹಿ ಸರಿಯಿಲ್ಲವೆಂಬ ಆಕ್ಷೇಪಣೆಯ ಕುರಿತು

ಮಂಜೂರಾತಿಯ ಮೇಜಿನ ಹಿಂದಿರುವ ಮಾನ್ಯರೇ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಮಗಳ ಶಸ್ತ್ರಚಿಕಿತ್ಸೆಯ ಅರ್ಜಿ ಮಾರ್ಚ್ ೧೫ರಂದು ತಮ್ಮ ಕಚೇರಿಯನ್ನು ಸೇರಿತೆಂದು ಇದೇ ಪತ್ರಿಕೆಯಲ್ಲಿ ಬರೆದಿದ್ದೆ. ಅದು ತಪ್ಪು, ಸೇರಿದ್ದು ೧೯ರಂದು. ಕಾರ್ಮಿಕ ಚಿಕಿತ್ಸಾ ಯೋಜನೆಯ ತಮ್ಮ ಕಚೇರಿ ಎರಡೇ ದಿನಗಳಲ್ಲಿ ಇದನ್ನು ಪತ್ತೆಹಚ್ಚಿ, ‘ದೂರುದಾರರ ದಿನಾಂಕಗಳು ಸತ್ಯಕ್ಕೆ ದೂರ’ ಎಂದು ಪ್ರಕಟಣೆ ಹೊರಡಿಸಿತು. ಇಷ್ಟು ಚುರುಕಾದ ಸಿಬ್ಬಂದಿ ತಮ್ಮಲ್ಲಿದ್ದಾರೆಂದು ತಿಳಿದು ಸಂತೋಷವಾಯಿತು. ಅವರಲ್ಲಿ ಒಬ್ಬರನ್ನಾದರೂ ಕಡತಗಳ ಕಡೆಗೆ ಕಳುಹಿಸಲಾದೀತೇ?

ಪ್ರಕಟಣೆ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ನನ್ನ ಮಗಳು ಪುಸ್ತಕ ಕಟ್ಟುವವಳು. ಹಾಳೆಗಳನ್ನು ಮಡಿಸಿ, ಹೊಲಿದು, ರಟ್ಟು ಕಟ್ಟಿ, ಕಬ್ಬಿಣದ ಒತ್ತುಯಂತ್ರದ ತಿರುಪನ್ನು ಬಿಗಿಯುವುದು ಅವಳ ದಿನದ ಕೆಲಸ. ಮಾರ್ಚ್ ೩ರಂದು ರಟ್ಟಿನ ಕಟ್ಟನ್ನು ಇಳಿಸುವಾಗ ಮುಕ್ಕಾಲಿಯಿಂದ ಜಾರಿ, ಬಲ ಅಂಗೈಯನ್ನು ನೆಲಕ್ಕೆ ಊರಿದಳು. ಎಕ್ಸ್-ರೇಯಲ್ಲಿ ಬಿರುಕಿಲ್ಲ, ಬರೀ ಉಳುಕು ಎಂದರು. ಹತ್ತು ದಿನ ಕಳೆದರೂ ಅವಳಿಂದ ನೀರಿನ ಲೋಟ ಎತ್ತಲಾಗಲಿಲ್ಲ. ಮಾರ್ಚ್ ೧೪ರಂದು ಕೈಯ ಶಸ್ತ್ರವೈದ್ಯೆಯೊಬ್ಬರು ಬೇರೆ ಸ್ಕ್ಯಾನ್ ಮಾಡಿಸಿ, ಮಣಿಕಟ್ಟಿನ ಎರಡು ಕಿರು ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿದಿದೆಯೆಂದು ತೋರಿಸಿದರು.

“ಎಲುಬೆಲ್ಲ ನೆಟ್ಟಗಿದೆಯಲ್ಲಾ ಡಾಕ್ಟ್ರೇ?” ಎಂದೆ.

“ಹಾಳೆಗಳೂ ನೆಟ್ಟಗೇ ಇರ್ತವಪ್ಪಾ, ಹೊಲಿಗೆ ಕಿತ್ರೆ ಅದು ಪುಸ್ತಕಾನಾ?” ಎಂದು ನನ್ನ ಮಗಳೇ ಉತ್ತರಿಸಿದಳು. ವೈದ್ಯೆ ನಕ್ಕರು, ಆದರೆ ಮುಂದಿನದನ್ನು ನಗದೆ ಹೇಳಿದರು. ಮಣಿಕಟ್ಟಿನಲ್ಲಿ ಎರಡು ಮೂರು ಕಿರುರಂಧ್ರ ಮಾಡಿ, ಕಡ್ಡಿಯಷ್ಟು ತೆಳುವಾದ ಕ್ಯಾಮೆರಾವನ್ನು ಒಳಗಿಳಿಸಿ, ಹರಿದ ತುದಿಯನ್ನು ಸ್ವಸ್ಥಾನದಲ್ಲಿ ಹೊಲಿಯಬಹುದು. ಆದರೆ ಪೆಟ್ಟಾಗಿ ಆರು ವಾರ ಮೀರಬಾರದು. “ಆಮೇಲೆ ತುದಿಗಳು ಮುದುಡಿಬಿಡ್ತವೆ, ಹೊಲಿಗೆ ಹಿಡಿಯಲ್ಲ. ಬೇರೆ ದೊಡ್ಡ ಆಪರೇಷನ್ ಮಾಡ್ಬೇಕಾಗುತ್ತೆ. ನೋವು ಹೋಗ್ಬಹುದು, ಕೈ ಮೊದಲಿನ ಹಾಗೆ ಬಾಗಲ್ಲ.” ಮಣಿಕಟ್ಟು ಬಾಗದವಳು ಪುಸ್ತಕ ಹೊಲಿಯುವುದು ಹೇಗೆ, ಮಾನ್ಯರೇ?

ತಮ್ಮ ಮಂಜೂರಾತಿಯಿಲ್ಲದೆ ಆಸ್ಪತ್ರೆ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ನೋಯುವ ಬಲಗೈಯಲ್ಲೇ ಸಹಿ ಮಾಡಿಸಿ ಅರ್ಜಿ ಹಾಕಿದೆವು, ಮರಳಿತು. ಕಾರಣ ಹೀಗಿತ್ತು: ‘ಸದರಿ ಸಹಿಯು ದಾಖಲೆಯ ಸಹಿಯೊಂದಿಗೆ ತಾಳೆಯಾಗಿರುವುದಿಲ್ಲವಾದ್ದರಿಂದ ಹಿಂದಿರುಗಿಸಲಾಗಿರುತ್ತದೆ.’ ಈ ವಾಕ್ಯವನ್ನು ತಿದ್ದುವ ಶಕ್ತಿ ಈಗ ನನ್ನಲ್ಲಿಲ್ಲ. ಎಡಗೈಯಲ್ಲಿ ಸಹಿ ಮಾಡಿಸಿ ಮತ್ತೆ ಕೊಟ್ಟೆವು, ಅದೂ ಮರಳಿತು. ಏಪ್ರಿಲ್ ೪ರಂದು ಇಬ್ಬರೂ ತಮ್ಮ ಕಿಟಕಿಯೆದುರು ನಿಂತೆವು.

“ಹಳೇ ಸಹಿ ನೋಡಿ, ಎಷ್ಟು ಮುದ್ದಾಗಿದೆ!” ಎಂದರು ಗುಮಾಸ್ತರು.

“ಅದು ಕೈ ಸರಿಯಿದ್ದಾಗ ಹಾಕಿದ್ದು ಸಾರ್” ಎಂದಳು ಮಗಳು.

“ಹಾಗಾದ್ರೆ ಕೈ ಸರಿಯಾದ್ಮೇಲೆ ಬಂದು ಹಾಕಮ್ಮ.”

“ಸರಿ ಮಾಡಿಸ್ಕೊಳ್ಳೋಕೇ ಅಲ್ವಾ ಸಾರ್ ಈ ಅರ್ಜಿ?”

ಹೆಬ್ಬೆಟ್ಟಿನ ಗುರುತು ಸಾಲದೇ ಎಂದು ಕೇಳಿದೆ. “ಓದಿದೋರ ಹೆಬ್ಬೆಟ್ಟು ನಡೆಯಲ್ಲ ಯಜಮಾನ್ರೇ. ಪದವಿ ಅಂತ ನೀವೇ ಬರೆದಿದೀರಲ್ಲ” ಎಂದರು. ಆ ಗುಮಾಸ್ತರನ್ನು ದೂರಲಾರೆ. ಅವರು ನಿಯಮವನ್ನು ಓದಿ ಹೇಳಿದರು. ಆ ನಿಯಮವನ್ನು ಬರೆದವರು ಕೈಗೆ ಪೆಟ್ಟಾಗುವ ಕಾರ್ಮಿಕರನ್ನು ಎಂದೂ ಕಂಡಿರಲಿಲ್ಲವೇ? ಅರ್ಜಿಯಲ್ಲಿ ‘ಬಲಗೈ’ ಎಂದು ಎರಡು ಕಡೆ ಬರೆದಿದೆ. ಸಹಿ ತಾಳೆಯಾಗಿದ್ದರೆ ತಾನೇ ತಾವು ಸಂಶಯಪಡಬೇಕಾದದ್ದು?

ಇನ್ನು ಆ ನಾಲ್ಕು ದಿನಗಳು. ಮಾರ್ಚ್ ೧೫ರಿಂದ ೧೯ರವರೆಗೆ ಅರ್ಜಿ ನನ್ನ ಮೇಜಿನ ಮೇಲಿತ್ತು. ಮೂವತ್ತಾರು ವರ್ಷ ಕರಡು ತಿದ್ದಿದವನು ನಾನು. ವಿವರಣೆಯ ವಾಕ್ಯಗಳು ಒಪ್ಪವಾಗಲಿಲ್ಲವೆಂದು ಮೂರು ಬಾರಿ ಹೊಸದಾಗಿ ಬರೆದೆ. “ಅಪ್ಪಾ, ನಾವು ಕೈ ರಿಪೇರಿ ಮಾಡ್ಸೋಕೆ ಹೊರಟಿರೋದಾ, ವ್ಯಾಕರಣ ರಿಪೇರಿ ಮಾಡ್ಸೋಕಾ?” ಎಂದು ಅವಳು ಕೇಳಿದಾಗಲೂ ‘ನಾಳೆ ಕೊಡೋಣ’ ಎಂದೆ. ಕಳೆದ ಪತ್ರದಲ್ಲಿ ಆ ದಿನಗಳನ್ನೂ ತಮ್ಮ ತಲೆಗೆ ಕಟ್ಟಿದ್ದು ಮರೆವಿನಿಂದಲ್ಲ, ನಾಚಿಕೆಯಿಂದ. ನನ್ನ ಪಾಲಿನ ನಾಲ್ಕು ದಿನಗಳನ್ನು ಒಪ್ಪಿಕೊಂಡಿದ್ದೇನೆ. ತಮ್ಮ ಪಾಲಿನವನ್ನು ಒಪ್ಪಿಕೊಳ್ಳಿರೆಂದು ಕೇಳುವುದಿಲ್ಲ. ಇನ್ನೊಂದು ದಿನವನ್ನು ಸೇರಿಸಬೇಡಿರೆಂದಷ್ಟೇ ಕೇಳುತ್ತೇನೆ. ಅವಳ ಹೆಬ್ಬೆಟ್ಟನ್ನೋ ಎಡಗೈಯ ಸಹಿಯನ್ನೋ ವೈದ್ಯೆಯ ದೃಢೀಕರಣದೊಡನೆ ಒಪ್ಪಿಕೊಂಡು, ಏಪ್ರಿಲ್ ೧೧ರ ಸಂಜೆಯೊಳಗೆ ಮಂಜೂರಾತಿ ನೀಡಿರಿ.

ಇಂತಿ,
ವಾಕ್ಯ ತಿದ್ದುತ್ತ ಮಗಳ ನಾಲ್ಕು ದಿನ ಕಳೆದ ತಂದೆ
ಏಪ್ರಿಲ್ ೯

ತಿದ್ದಿದ ದಿನಾಂಕಗಳು:
ಪೆಟ್ಟಾದದ್ದು: ಮಾರ್ಚ್ ೪ ಅಲ್ಲ, ೩.
ಅರ್ಜಿ ತಮ್ಮ ಕಚೇರಿ ಸೇರಿದ್ದು: ಮಾರ್ಚ್ ೧೫ ಅಲ್ಲ, ೧೯.
ಮೊದಲು ಮರಳಿದ್ದು: ಮಾರ್ಚ್ ೨೮ ಅಲ್ಲ, ೨೭.
ಎರಡನೆಯ ಬಾರಿ ಮರಳಿದ್ದು: ಏಪ್ರಿಲ್ ೩. ಇದು ಮೊದಲೇ ಸರಿಯಿತ್ತು.
ಆರು ವಾರ ತುಂಬುವುದು: ಏಪ್ರಿಲ್ ೧೫ ಅಲ್ಲ, ೧೪.
ವೈದ್ಯೆ ಶಸ್ತ್ರಚಿಕಿತ್ಸೆಗೆ ಕಾದಿರಿಸಿರುವುದು: ಏಪ್ರಿಲ್ ೧೩, ಬೆಳಿಗ್ಗೆ ಎಂಟು ಗಂಟೆ. ಇದನ್ನು ಮುಂದಕ್ಕೆ ತಿದ್ದಲು ಬರುವುದಿಲ್ಲ.