ವಿಳಿಂಜದಲ್ಲಿ ನೋರಾಳ ಚುನಾವಣೆ

ವಿಳಿಂಜಂ, ತಿರುವನಂತಪುರ
೧೮ ಜೂನ್ ೨೦೨೪

ಪ್ರೀತಿಯ ಚಂದ್ರಾವತಿ ಅಕ್ಕನಿಗೆ,

ತಮ್ಮ ಹರಿನಾರಾಯಣನ ನಮಸ್ಕಾರ. ಎಡಪ್ಪಳ್ಳಿಯಲ್ಲಿ ಭಾವನ ಮಂಡಿನೋವು ಇಳಿದಿರಬಹುದು. ನೀನು ಫೋನಿನಲ್ಲಿ ಕೇಳಿದ್ದಕ್ಕೆ ‘ಬರೆಯುತ್ತೇನೆ’ ಎಂದವನು ಇಷ್ಟು ತಡಮಾಡಿದೆ. ಬೈಯಬೇಡ. ಮನೆಯವಳು ಕುಸುಮಾವತಿ ಪಕ್ಕದಲ್ಲಿರುವಾಗ ಬಾಯಿಬಿಟ್ಟು ಹೇಳುವ ವಿಷಯವಲ್ಲ ಅದು.

ಮೊದಲು ಖರ್ಚು ಹೇಳಿಬಿಡುತ್ತೇನೆ. ಹನ್ನೆರಡು ಅಡಿಯ ಕಟೌಟ್, ಏಳು ಫ್ಲೆಕ್ಸ್, ಮೈಕ್ ಕಟ್ಟಿದ ಆಟೋ, ಚೆಂಡೆಯವರ ಊಟ, ಊರಿಗೆಲ್ಲ ಪಾಯಸ, ಎಲ್ಲ ಸೇರಿ ಮೂವತ್ತೊಂದು ಸಾವಿರ. ಊರಿನವರು ಒಟ್ಟು ಮಾಡಿದ್ದು ಒಂಬತ್ತು. ಉಳಿದದ್ದು ನನ್ನದು. ಕಾಸರಗೋಡಿನಿಂದ ಒಂದು ಕುಂಚ ಹಿಡಿದು ಬಂದು, ಬೋರ್ಡ್ ಬರೆದೂ ಬರೆದೂ ಅಂಗಡಿ ಕಟ್ಟಿದವನು ನಾನು. ಪಾರ್ಟಿಯವರಿಗೂ ಮುಂಗಡವಿಲ್ಲದೆ ಪ್ರಿಂಟ್ ಕೊಟ್ಟವನಲ್ಲ. ಅಂಥವನು ಐರ್ಲೆಂಡಿನ ಒಂದು ಸಣ್ಣ ಊರಿನ ಕೌನ್ಸಿಲ್ ಚುನಾವಣೆಗೆ ಕೈಬಿಚ್ಚಿದೆ.

ಶುರು ಮಾಡಿದ್ದು ಮೇರಿ, ನನ್ನ ಅಂಗಡಿಯೆದುರು ಮೀನು ಮಾರುವವಳು. ಹಿಂದೆ ನೋರಾ ಎಂಬ ಐರಿಷ್ ಹುಡುಗಿ ಏನೋ ಓದಿಗೆಂದು ಬಂದು ಅವಳ ಮನೆಯಲ್ಲಿ ಆರು ತಿಂಗಳಿದ್ದಳು, ಬುಟ್ಟಿಯನ್ನೂ ಹೊತ್ತಿದ್ದಳು. ಮೇ ತಿಂಗಳಲ್ಲಿ ಮೇರಿ ಮೊಬೈಲ್ ಹಿಡಿದು ಬಂದಳು. “ಚೇಟ್ಟಾ, ನಮ್ಮ ನೋರಾ ವೋಟಿಗೆ ನಿಂತಿದ್ದಾಳೆ. ನಿಮ್ಮ ಗಂಡಸರು ಅರ್ಜೆಂಟೀನಾದ ಆಟಗಾರರಿಗೆ ಕಟೌಟ್ ನಿಲ್ಲಿಸ್ತಾರೆ. ಅವರೇನು ಇಲ್ಲಿಯ ಗಂಜಿ ಕುಡಿದಿದ್ದಾರಾ? ಇವಳು ಕುಡಿದಿದ್ದಾಳೆ.”

ನಾನು ನಕ್ಕೆ. ಆಮೇಲೆ ಊರಿನ ಹೆಸರು ಓದಿದೆ. ನಗು ನಿಂತಿತು.

ನಮ್ಮ ಮಗಳು ಅಪೂರ್ವಾ ನರ್ಸ್ ಆಗಿರುವುದು ಅದೇ ಊರಿನಲ್ಲಿ. ಅವಳ ಜೊತೆ ಓದಿದ ನಿಶಾ ಹೇಳಿ ಗೊತ್ತು. ‘ಆ ಹುಡುಗನನ್ನು ಕಟ್ಟಿಕೊಳ್ಳುವುದಾದರೆ ಈ ಬಾಗಿಲು ಮರೆತುಬಿಡು’ ಎಂದು ನಾನು ಹೇಳಿ ನಾಲ್ಕು ವರ್ಷ. ಒಂದೇ ಒಂದು ಸಲ ನನ್ನ ಮಾತು ಕೇಳಿದಳು, ಅದು ಇದು. ನಂಬರನ್ನೂ ಬದಲಾಯಿಸಿದಳು. ಊರಿನವರಿಗೆ ನಾನು ಹೇಳಿದ್ದು, ‘ಅವಳಿಗೆ ಡ್ಯೂಟಿ ಜಾಸ್ತಿ.’

ಚುನಾವಣೆಯ ಫ್ಲೆಕ್ಸಿನ ಅಡಿಯಲ್ಲಿ ಮುದ್ರಕರ ಹೆಸರು ಹಾಕಬೇಕೆಂದು ಕಾನೂನುಂಟು. ಆ ಸಾಲನ್ನು ಯಾರೂ ನೋಡುವುದಿಲ್ಲ. ಮೇಲೆ ಮಲಯಾಳದಲ್ಲಿ ‘ನಮ್ಮ ನೋರಾಳನ್ನು ಗೆಲ್ಲಿಸಿ’ ಎಂದು ಹಾಕಿ, ಮುದ್ರಕನ ಜಾಗದಲ್ಲಿ ಕನ್ನಡದಲ್ಲಿ ಹಾಕಿದೆ: ‘ಅಪ್ಪೀ, ಆ ದಿನದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಒಂದು ಫೋನ್ ಮಾಡು ಮಗಾ.’ ಇದರ ಫೋಟೋ ನೋರಾಳ ಊರು ಮುಟ್ಟಿದರೆ ಅಪೂರ್ವಾಳೂ ನೋಡಿಯಾಳು ಎಂಬ ಆಸೆ.

“ಕೆಳಗೆ ಇದೇನು ಚೇಟ್ಟಾ, ಜಿಲೇಬಿ ಸುತ್ತಿದ ಹಾಗೆ?” ಎಂದಳು ಮೇರಿ.

“ಅಂಗಡಿ ಹೆಸರು, ನಮ್ಮ ಭಾಷೆಯಲ್ಲಿ.”

“ಹುಡುಗಿಯ ಕಾಲಡಿಯಲ್ಲೂ ನಿಮಗೆ ವ್ಯಾಪಾರವೇ.”

ಕುಸುಮಾವತಿ ಅಂಗಡಿಗೆ ಬಂದವಳು ಅದನ್ನು ಓದಿದಳು. ಮತ್ತೆ ಇಷ್ಟೇ ಕೇಳಿದಳು, “ಇಷ್ಟು ದೊಡ್ಡ ಅಕ್ಷರ ಸಾಕಾ?” ಇನ್ನೂ ದೊಡ್ಡದು ಮಾಡಿದೆ. ಅಂದಿನಿಂದ ಅವಳು ಸ್ನಾನಕ್ಕೆ ಹೋದರೂ ಫೋನನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದಳು.

ಮುಂದಿನದು ನಿನಗೆ ಗೊತ್ತು. ಹುಡುಗರು ತೆಗೆದ ವಿಡಿಯೋ ಟಿವಿಗೆ ಹೋಯಿತು, ಐರ್ಲೆಂಡಿಗೂ ಹೋಯಿತು. ನೋರಾ ಮಲಯಾಳದಲ್ಲೇ ‘ಮೇರಿ ಚೇಚೀ, ನನಗೆ ಮೀನುಸಾರು ತೆಗೆದಿಟ್ಟಿದ್ದೀರಾ’ ಎಂದು ಕೇಳಿ ಉತ್ತರ ಕಳಿಸಿದಳು. ಆ ದಿನ ಊರು ಗೆದ್ದಷ್ಟೇ ಕುಣಿಯಿತು. ಅಲ್ಲಿಯ ಎದುರಾಳಿಗಳು ಮಾತ್ರ ‘ಈಕೆ ನಿಂತಿರುವುದು ನಮ್ಮ ಊರಿಗೋ, ಇಂಡಿಯಾಕ್ಕೋ?’ ಎಂದು ಹಂಗಿಸಿದರಂತೆ. ನೋರಾ ಸೋತಳು. ಮೇರಿ ಬುಟ್ಟಿ ಇಳಿಸದೆ ಕೇಳಿದಳು, “ನಾವು ಸುಮ್ಮನಿದ್ದಿದ್ದರೆ ಗೆಲ್ತಿದ್ದಳಾ ಚೇಟ್ಟಾ?” ನಾನು ಕಂಪ್ಯೂಟರ್ ಕಡೆಗೆ ತಿರುಗಿದೆ.

ಕೇರಳದಲ್ಲಿ ಅಷ್ಟು ಜನ ನೋಡಿದ ವಿಡಿಯೋದಲ್ಲಿ ಆ ಸಾಲನ್ನು ಓದಿ ಕೇಳಿದವಳು ನೀನೊಬ್ಬಳೇ. ‘ಅಪ್ಪಿ ಫೋನ್ ಮಾಡಿದಳಾ?’ ಎಂದು ನೀನು ಕೇಳಿದೆ. ಇಲ್ಲ ಅಕ್ಕಾ, ಮಾಡಲಿಲ್ಲ.

ಭಾವನಿಗೆ ನಮಸ್ಕಾರ. ಮೊಮ್ಮಗಳು ಮೇಧಾಳ ತಲೆ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು, ಅವಳು ಸುಖವಾಗಿರಲಿ. ನಿನ್ನ ಆಶೀರ್ವಾದ ನಮಗಿರಲಿ.

ನಿನ್ನ ತಮ್ಮ,
ಹರಿನಾರಾಯಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪಿ ವಿಡಿಯೋ ನೋಡಿದ್ದಾಳೆ. ಗೆಳತಿಯರ ವಾಟ್ಸಾಪ್ ಗುಂಪಿಗೆ ಮಲಯಾಳದಲ್ಲಿ ಬರೆದಳಂತೆ: ‘ಅಪ್ಪನ ಅಂಗಡಿಯ ಜಾಹೀರಾತು ಐರ್ಲೆಂಡಿಗೂ ಬಂತು.’ ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ. ಓದಲು ಬಾರದು. ಇಲ್ಲಿಯ ಶಾಲೆಯಲ್ಲಿ ಕಲಿತವಳು. ಅವಳ ಅಪ್ಪನಾದ ನನಗೆ ಅದು ಹೊಳೆಯಲಿಲ್ಲ, ಹೆತ್ತವಳಿಗೂ ಹೊಳೆಯಲಿಲ್ಲ. ನಾವು ಅಕ್ಷರ ದೊಡ್ಡದು ಮಾಡುತ್ತಾ ಕುಳಿತೆವು.

ಅಲ್ಲಿ ಬರೆದದ್ದೇನೆಂದು ನಿಶಾಳಿಗೆ ಹೇಳಿದೆ, ಅವಳು ಅಪ್ಪಿಗೆ ಹೇಳಿದಳು. ಬಂದ ಉತ್ತರ: ‘ನನಗೆ ಓದಲು ಬರುವ ಮಲಯಾಳದಲ್ಲಿ ಹಾಕಿದ್ದರೆ ಊರಿನವರೂ ಓದುತ್ತಿದ್ದರು. ಅದಕ್ಕೇ ತಾನೇ?’ ಅದಕ್ಕೇ, ಅಕ್ಕಾ. ಅದಾದ ಮೇಲೆ ಅವಳು ಗುಂಪು ಬಿಟ್ಟಿದ್ದಾಳೆ. ನಿಶಾಳ ಫೋನನ್ನೂ ಎತ್ತುವುದಿಲ್ಲ. ಕುಸುಮಾವತಿಗೆ ಇದನ್ನು ಇನ್ನೂ ಹೇಳಿಲ್ಲ.

ಊರಿಗೆ ಎರಡು ವಾರದ ನಗು ಸಿಕ್ಕಿತು. ಮೇರಿಗೆ ಸೋರುವ ಮನೆಯ ಮಾಡಿಗೆ ಹೊದಿಸಲು ಏಳು ಫ್ಲೆಕ್ಸ್. ಟಿವಿಯವರಿಗೆ ಒಂದು ಸುದ್ದಿ. ನೋರಾಳಿಗೆ ಸೋಲು. ನನಗೆ ಟಿವಿ ನೋಡಿ ಬಂದ ನಾಲ್ಕು ಹೊಸ ಆರ್ಡರ್. ಕುಸುಮಾವತಿಗೆ ಏನೂ ಇಲ್ಲ.